ಗಾಜಿನ ಪೆಟ್ಟಿಗಿಯ ಕಿಟಕಿ

ತೊಟ್ಟಿಲದಾಗಲ್ಲ ಸುಜಿ. ನೀ ಹುಟ್ಟಿದಾಗ ಗಾಜಿನ ಪೆಟ್ಟಿಗ್ಯಾಗ ಇದ್ದಿ. ಬಸವಕಲ್ಯಾಣದ ದವಾಖಾನಿ. ಏಳು ತಿಂಗಳಿಗೇ ಹುಟ್ಟಿದ್ದಿ, ಅಲ್ಲ, ಏಳೂ ತುಂಬಿರಲಿಲ್ಲ. ಚರ್ಮ ಅಂದ್ರ ಉಳ್ಳಾಗಡ್ಡಿ ಸಿಪ್ಪಿ, ಒಳಗಿನ ನರ ಕಾಣ್ತಿದ್ವು. ನಿಮ್ಮವ್ವಗ ಹೊಟ್ಟಿ ಕೊಯ್ದಿದ್ರು, ಬ್ಯಾರೆ ವಾರ್ಡಿನ್ಯಾಗ ಮಲಗಿದ್ಳು. ನಿಮ್ಮಪ್ಪ ಅಕಿ ಕಡೆ. ನಿನ್ನ ಕಡೆ ನಾ. ಕೈ ತೊಳಿಸಿ, ಹಸಿರು ಅಂಗಿ ಹಾಕಿಸಿ, ಸ್ಟೂಲ್ ಮ್ಯಾಲ ಕೂಡಿಸಿದ್ರು. ಸಿಸ್ಟರ್ ಛಲೋ ಹುಡುಗಿ, ಹುಮನಾಬಾದದಕಿ. ನಂದು ಮಾತು ಕಡಿಮಿ, ಅದಕ್ಕ "ಅಜ್ಜಾ, ಮಾತಾಡಿದ್ರ ಟ್ಯಾಕ್ಸ್ ಬೀಳ್ತದೇನ್ರಿ?" ಅಂತ ನಗ್ತಿದ್ಳು. ಅಕಿ ಪೆಟ್ಟಿಗಿ ತಳಕ್ಕ ನೀರು ತುಂಬ್ತಿದ್ಳು, ಒಳಗ ಉಗಿ ಆಗ್ತಿತ್ತು, ಗಾಜಿಗೆ ಹನಿ ಕಟ್ತಿತ್ತು. ನೋಡು, ನನಗ ಅದೇ ತಡೀಲಿಲ್ಲ. ನಮ್ಮಲ್ಲಿ ಬಾಣಂತಿ ಖೋಲ್ಯಾಗ ಹಸಿ ಅರಿಬಿ ಸುದ್ದಾ ಇಡಂಗಿಲ್ಲ, ಹೊರಸಿನ ಕೆಳಗ ಕೆಂಡ ಇಡ್ತೇವಿ. ಇಲ್ಲಿ ಕೂಸಿನ ಸುತ್ತ ನೀರು! ಥಂಡಿ ಹತ್ತಿ ಸಾಯ್ತದ ಅಂದ್ಕೊಂಡೆ. ಕೇಳಬೇಕಿತ್ತು. ಕೇಳಲಿಲ್ಲ. ಅಕಿ ಅತ್ತ ಹೋದ ಕೂಡಲೇ ಪೆಟ್ಟಿಗಿ ಬದಿಗಿದ್ದ ಕೈ ಹಾಕೋ ಕಿಟಕಿ ತೆಗದಿಡ್ತಿದ್ದೆ, ಉಗಿ ಹೋಗ್ಲಿ ಅಂತ. ಅಕಿ ಚಪ್ಪಲಿ ಸಪ್ಪಳ ಕೇಳಿದ್ರ ಮುಚ್ತಿದ್ದೆ. ಎರಡು ದಿನ.

ಮೂರನೇ ದಿನ ಮುಂಜಾನೆ ನಿನ್ನ ತೂಕ ಇಳಿದಿತ್ತು. ಭಾಳ ಇಳಿದಿತ್ತು. ಉಚ್ಚಿ ಹೊಯ್ದಿರಲಿಲ್ಲ, ತುಟಿ ಒಣಗಿತ್ತು. ಡಾಕ್ಟರ್ ಸಿಸ್ಟರ್ ಮ್ಯಾಲ ಹರಿಹಾಯ್ದ್ರು. "ನೀರು ತುಂಬಿಲ್ಲೇನು?" "ತುಂಬೀನ್ರಿ ಸರ್." "ಹಂಗಾದ್ರ ಇದ್ಯಾಕ? ಇಷ್ಟು ತೆಳ್ಳನ ಚರ್ಮ, ಒಣ ಗಾಳಿ ತಾಗಿದ್ರ ಮೈಯಾಗಿನ ನೀರೆಲ್ಲಾ ಹಾರಿ ಹೋಗ್ತದ. ಆ ಉಗಿನೇ ಇದರ ಹೊದಿಕಿ, ಗೊತ್ತಿಲ್ಲೇನು?" ಅಕಿ ಅಳಾಕತ್ತಿದ್ಳು. ನಾ ಅಲ್ಲೇ ಸ್ಟೂಲ್ ಮ್ಯಾಲ ಇದ್ದೆ. ನೆಲ ನೋಡಿದೆ.

ಸಲಾಯಿನ್ ಹೆಚ್ಚು ಮಾಡಿದ್ರು. ನಾ ಮತ್ತ ಕಿಟಕಿ ಮುಟ್ಟಲಿಲ್ಲ. ನೀ ಉಳಿದಿ. ಸಿಸ್ಟರಿಗೆ ಆ ಖೋಲಿ ತಪ್ಪಿಸಿ ಚೀಟಿ ಬರಿಯೋ ಕಡೆ ಕೂಡಿಸಿದ್ರು. ಮನಿಗೆ ಹೊರಟ ದಿನ ಎದುರಾದ್ಳು. "ಅಜ್ಜಾ, ಕೂಸು ಹ್ಯಾಂಗದರಿ?" ಅಂದ್ಳು. ನಿನ್ನ ಮಾರಿ ನೋಡಿದ್ಳು. "ನಾ ಏನು ತಪ್ಪು ಮಾಡಿದ್ನೋ, ಇನ್ನೂ ತಿಳೀವಲ್ದರಿ" ಅಂದ್ಳು. "ಛಲೋ ಅದ" ಅಂದೆ. ಅಷ್ಟೇ ಅಂದೆ. ಗಾಡಿ ಹತ್ತಿದೆ.

ವರ್ಷದ ಮ್ಯಾಲ ಅಕಿನ್ನ ಹುಡುಕ್ಕೋತ ದವಾಖಾನಿಗೆ ಹೋದೆ. ನೌಕರಿ ಬಿಟ್ಟು ಹೋಗ್ಯಾಳ, ಎಲ್ಲೋ ಗೊತ್ತಿಲ್ಲ ಅಂದ್ರು.

ತಪ್ಪು ಮಾಡಿದ್ರ ಆಗಿಂದಾಗ ಹೇಳಬೇಕವ್ವಾ. ಆಮ್ಯಾಲ ಹೇಳಾಕ ಮನುಷ್ಯಾ ಸಿಗಂಗಿಲ್ಲ. ನಡಿ, ಉಣ್ಣು.