ಚೆಂಡು ಹಿಡಿಯದವನು

ಮನಾಮಾದಲ್ಲಿ ಬಸ್ಸಿಗೆ ಕಾಯುತ್ತಿದ್ದ ಉಷಾಲತಾಳಿಗೆ ಬೆನ್ನ ಹಿಂದೆ ಕನ್ನಡ ಕೇಳಿಸಿತು. ಗುರುತಿನವರೇ: ಅಮೆರಿಕನ್ನರ ಕ್ಯಾಂಪಿನಲ್ಲಿ ಕೆಲಸಕ್ಕಿರುವ ಹರಿನಾಥ, ಗುದೈಬಿಯಾದ ಫುಟ್‌ಬಾಲ್ ತಂಡ ನಡೆಸುವ ಹಸೈನಾರ್.

“ಅಮೆರಿಕದವರದ್ದು ಕೈಯಲ್ಲಿ ಹಿಡಿಯುವ ಫುಟ್‌ಬಾಲ್ ಮಾರಾಯ್ರೆ,” ಎನ್ನುತ್ತಿದ್ದರು ಹರಿನಾಥ. “ನಿನ್ನೆ ಕಪ್ ಗೆದ್ದು ಅವರು ಹೆಗಲಿಗೇರಿಸಿದ್ದು ಒಂದು ಸಲವೂ ಚೆಂಡು ಹಿಡಿಯದವನನ್ನು.”

“ಯಾಕಂತೆ?”

“ಅವ ಓಡಿದಲ್ಲಿಗೆ ಎದುರಿನ ಇಬ್ಬರು ಓಡ್ತಾರೆ. ಆಗ ಇನ್ನೊಬ್ಬ ಆರಾಮಲ್ಲಿ ಚೆಂಡು ಹಿಡೀತಾನೆ. ಅಂಥವ ಇಲ್ಲದೆ ಕಪ್ ಬರುದಿಲ್ಲ ಅಂತ ಅವರ ಲೆಕ್ಕ.”

ಹಸೈನಾರರ ದನಿ ಇಳಿಯಿತು. “ನಮ್ಮ ಫಾಯಿಝ್ ಹಾಗೇ ಓಡುದು.”

“ಓಡ್ಲಿ. ಶುಕ್ರವಾರ ಜಿಂಜ್ ತಂಡದವರ ಮೇಲೆ ಫೈನಲ್ ಅಲ್ವಾ?”

“ಅವನನ್ನು ತೆಗೆದೆ. ಗೋಲು ಹೊಡೆಯದವನನ್ನು ಅಳಿಯ ಅಂತ ಆಡಿಸ್ತಾರೆ ಅಂತ ಜನ ಆಡಿಕೊಳ್ತಿದ್ರು.”

“ಎಂಥ ಮಾಡಿದ್ರಿ ನೀವು? ಮಗಳ ಗಂಡನನ್ನಾ?”

ಉಷಾಲತಾ ಕಿವಿಗೊಟ್ಟಳು. ಹಸೈನಾರರ ಮಗಳು ಸಫ್ನಾಳ ಮದುವೆಯ ಬಿರಿಯಾನಿ ಉಂಡು ಇನ್ನೂ ತಿಂಗಳಾಗಿರಲಿಲ್ಲ.

“ಅವ ಏನಂದ?” ಹರಿನಾಥ ಕೇಳಿದರು.

“ಆಯ್ತು ಅಂತ ಹೋದ.” ಬಸ್ಸು ಬಂತು. ಹಸೈನಾರ್ ಬಾಗಿಲ ಕಂಬಿ ಹಿಡಿದು ಹತ್ತದೆ ನಿಂತರು. “ಬೆಳಿಗ್ಗೆ ನೋಡಿದ್ರೆ ನಮ್ಮ ಮನೆಯ ಹಗ್ಗದಲ್ಲೇ ಜಿಂಜ್‌ನವರ ಅಂಗಿ ಒಣಗ್ತಾ ಉಂಟು, ಬೆನ್ನಲ್ಲಿ ಅವನ ಹೆಸರು. ಒಗೆದದ್ದು ನನ್ನ ಮಗಳು.”

ಹರಿನಾಥ ಅವರ ತೋಳು ಹಿಡಿದು ಬಸ್ಸು ಹತ್ತಿಸಿದರು.