ಮಗ್ಗಿ ಕೇಳಿಸದ ಶಾಲೆ

ಅಧ್ಯಕ್ಷರೇ, ಹಾರ ಬೇಡವೆಂದರೂ ನಮ್ಮ ಒತ್ತಾಯಕ್ಕೆ ಹಾಕಿಸಿಕೊಂಡ ಶಶಿಪ್ರಭಾ ಟೀಚರೇ, ಮುಖ್ಯೋಪಾಧ್ಯಾಯರಾದ ಮಹಾಬಲ ಮಾಸ್ಟ್ರೇ, ಬೀಡಿ ಕಟ್ಟುವ ಗೆರಸೆ-ಮೊರ ಮನೆಯಲ್ಲಿಟ್ಟು ಬಂದ ತಾಯಂದಿರೇ, ಸಭಿಕರೇ,

ನಾನು ದೇಯಿ. ಇದೇ ಶಾಲೆಯಲ್ಲಿ ಐದನೆಯ ತರಗತಿವರೆಗೆ ಓದಿದವಳು. ಮೈಕಿನ ಮುಂದೆ ಇದೇ ಮೊದಲು. ನನ್ನ ಸ್ವರ ಬಿಕರ್ನಕಟ್ಟೆಯ ಜಂಕ್ಷನ್ನಿಗೂ ಕೇಳಿಸುತ್ತಿದೆಯಂತೆ, ಕ್ಷಮಿಸಬೇಕು.

ಶಾಲೆಯಲ್ಲಿ ಪಾಠ ನಡೆಯುತ್ತಿದೆ ಎಂದು ನಮಗೆ ತಿಳಿಯುವುದು ಹೇಗೆ? ಮನೆಯ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಕುಳಿತರೆ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವುದು ಕೇಳಿಸುತ್ತಿತ್ತು. ಜೋರಾಗಿ ಕೇಳಿಸಿದರೆ ಮಾಸ್ಟ್ರು ಒಳ್ಳೆಯವರು. ಕಳೆದ ವರ್ಷ, ಆಟದ ಮೂಲಕ ಕಲಿಸಬೇಕೆಂದು ಆದೇಶ ಬಂತು. ಮಾಸ್ಟ್ರು ಮಗ್ಗಿ ನಿಲ್ಲಿಸಿದರು. ನಗು ಕೇಳಿಸಿತು, ಓಡಾಟ ಕೇಳಿಸಿತು, ಪಾಠ ಕೇಳಿಸಲಿಲ್ಲ. ನೆರೆಮನೆಯ ಖತೀಜಮ್ಮ ಮೊಮ್ಮಗನನ್ನು ಶಾಲೆಯಿಂದ ಬಿಡಿಸಿದರು. ನನ್ನ ಅತ್ತೆ, ಆಡುವುದಾದರೆ ಶಾಲೆ ಯಾಕೆ, ಮನೆಯಲ್ಲಿ ಕೂತು ಬೀಡಿಯ ತುದಿ ಮಡಚಲಿ ಎಂದರು. ಮೂರನೆಯ ತರಗತಿಯ ನನ್ನ ಮಗಳು ಅಮ್ಮಣಿ ಗೆರಸೆಯ ಮುಂದೆ ಕುಳಿತಳು. ನನ್ನನ್ನೂ ನನ್ನ ತಾಯಿ ಹಾಗೆಯೇ ಕೂರಿಸಿದ್ದರು. ಅಳಲಿಕ್ಕೂ ಬಿಡುವಿರಲಿಲ್ಲ. ಅದಿರಲಿ.

ಆಗ ಶಿಕ್ಷಕರ ತರಬೇತಿ ಸಂಸ್ಥೆಯವರು ಶಶಿಪ್ರಭಾ ಟೀಚರನ್ನು ಸಲಹೆಗಾರರಾಗಿ ಕಳಿಸಿದರು. ತಪ್ಪು ಹುಡುಕಲು ಬಂದವರೆಂದು ಮಾಸ್ಟ್ರಿಗೆ ಭಯ. ಇವರೋ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದರು, ತಾವೂ ಒಂದು ಪಾಠ ಮಾಡಿದರು, ಅದು ಕೆಟ್ಟಾಗ ಮಕ್ಕಳಿಗಿಂತ ಜೋರಾಗಿ ನಕ್ಕರು. ಆಮೇಲೆ ನಮ್ಮ ಮನೆಗಳಿಗೆ ಬಂದರು.

"ಮಗ್ಗಿ ಇಲ್ಲದ್ದು ಎಂತ ಶಾಲೆ ಮಾರಾಯ್ತಿ?" ಎಂದು ಅತ್ತೆ ಕೇಳಿಯೇಬಿಟ್ಟರು.

ಟೀಚರ್ ವಾದ ಮಾಡಲಿಲ್ಲ. "ನಾಳೆ ಗೆರಸೆ ಹಿಡ್ಕೊಂಡು ಶಾಲೆಯ ಜಗಲಿಗೆ ಬನ್ನಿ ಅಮ್ಮ. ಕಟ್ಟುತ್ತಾ ನೋಡಿ. ಪಾಠ ಇಲ್ಲ ಅಂತ ಕಂಡರೆ ನಿಮ್ಮ ಪುಳ್ಳಿ ಅಮ್ಮಣಿಯನ್ನು ಕರ್ಕೊಂಡು ಹೋಗಿ."

ನಾವೆಲ್ಲ ಹೋದೆವು. ಟೀಚರ್ ಅಮ್ಮಣಿಯನ್ನು ಒಳಗೆ ಕೂರಿಸಿದರು. ಅತ್ತೆ ಕಿಟಕಿಯಿಂದಲೇ, ಏಳೆಂಟಲ ಎಷ್ಟು ಎಂದು ಕೇಳಿದರು. ಅಮ್ಮಣಿಗೆ ನೆನಪಾಗಲಿಲ್ಲ. ನನ್ನ ಕೈಯ ಬೀಡಿ ಎಲೆ ಹರಿಯಿತು. ಅವಳು ಆಟದ ಹುಣಸೆ ಬೀಜಗಳನ್ನು ಎಂಟೆಂಟರ ಏಳು ಸಾಲು ಮಾಡಿ ಇಟ್ಟಳು, ಎಣಿಸಿದಳು.

"ಐವತ್ತಾರು. ಮರೆತರೂ ಮಾಡ್ಲಿಕ್ಕೆ ಬರ್ತದೆ ಅಜ್ಜಿ."

ಸಂಜೆ ಅತ್ತೆ ಅವಳನ್ನು ಗೆರಸೆಯ ಮುಂದೆ ಕರೆಯಲಿಲ್ಲ. ಟೀಚರ್ ಹೇಳಿಕೊಟ್ಟಂತೆ ಮಾಸ್ಟ್ರು ಈಗ ಕೊನೆಯ ಪೀರಿಯಡ್ಡಿನಲ್ಲಿ ಮಗ್ಗಿಯನ್ನೂ ಹೇಳಿಸುತ್ತಾರೆ. ಆದೇಶ ಬರೆದವರಿಗೆ ನಮ್ಮ ಜಗಲಿ ಗೊತ್ತಿರಲಿಲ್ಲ, ಟೀಚರಿಗೆ ಗೊತ್ತಾಯಿತು.

ಅವರು ಇನ್ನು ಬಜಪೆ ಕಡೆಯ ಶಾಲೆಗಳಿಗೆ ಹೋಗುತ್ತಾರೆ. ಅಲ್ಲಿಯೂ ಜಗಲಿಗಳು ಉಂಟು, ಅತ್ತೆಯರೂ ಇದ್ದಾರೆ. ಮೊನ್ನೆ ನನ್ನ ಅತ್ತೆ ಅಡುಗೆಮನೆಗೆ ಬಂದು, ಅಮ್ಮಣಿಗೆ ಐದನೆಯ ತರಗತಿಯ ನಂತರ ಕಂಕನಾಡಿಯ ಯಾವ ಶಾಲೆ ಒಳ್ಳೆಯದು ಎಂದು ವಿಚಾರಿಸಲು ಹೇಳಿದರು. ಕಣ್ಣೀರು ಅವರಿಗೆ ಕಾಣಬಾರದೆಂದು ನಾನು ಒಲೆಯ ಕಡೆ ತಿರುಗಿ ನಿಂತೆ.

ಟೀಚರೇ, ಮಾಸ್ಟ್ರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತೆಯವರೇ, ನಿಮಗೆಲ್ಲ ವಂದನೆ. ಇಷ್ಟು ಹೊತ್ತು ತಾಳಿಕೊಂಡ ಸಭೆಗೆ ನನ್ನ ನಮಸ್ಕಾರ.