ಹಿಟ್ಟಿನ ಮೇಲಿನ ಶಿಲುಬೆ

ಪರದೇಶದಲ್ಲಿ, ಬಾಂಗ್ಸಾರ್ ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಇಬ್ಬರು ಗೆಳತಿಯರ ಕನ್ನಡ ಕೇಳಿಸಿತು.

“ಮ್ಯಾಗ್ಡಲಿನ್, ಪೆನಾಂಗಿನ ಆ ಹಳೇ ಗೆಸ್ಟ್‌ಹೌಸಲ್ಲಿ ಇಂಗ್ಲಿಷ್ ಕಾದಂಬರಿಕಾರ ಇದ್ದ ರೂಮೇ ಸಿಕ್ತಾ?”

“ಕೇಳ್ಲೇ ಇಲ್ಲ ಜಲಜಾ. ನಾನು ಹೋದದ್ದು ಅಡುಗೆಮನೆ ನೋಡ್ಲಿಕ್ಕೆ.”

“ಸಮುದ್ರ ಬಿಟ್ಟು ಅಡುಗೆಮನೆನಾ?”

“ನನ್ನ ಅಜ್ಜ ಅಲ್ಲಿ ಕುಕ್ ಆಗಿದ್ರು. ಆ ಸಾಹೇಬ ಪುಸ್ತಕದಲ್ಲಿ ಹೊಗಳಿದ ಬ್ರೆಡ್ಡು ಅಜ್ಜನದ್ದೇ.”

“ಪುಸ್ತಕದಲ್ಲಿ ಅಜ್ಜನ ಹೆಸರಿದ್ಯಾ?”

“ಇಲ್ಲ. ಆದ್ರೆ ಈಗಿನ ಚೀನೀ ಕುಕ್ ಹಿಟ್ಟು ನಾದಿ, ಮುಚ್ಚುವ ಮೊದಲು ಬೆರಳಲ್ಲಿ ಶಿಲುಬೆ ಗುರುತು ಹಾಕಿದ್ಲು. ಮಂಗಳೂರಲ್ಲಿ ನಮ್ಮ ಮನೇಲಿ ಹಾಕ್ತೇವಲ್ಲ, ಹಾಗೇ.”

“ಅವಳೂ ಕ್ರಿಶ್ಚಿಯನ್ನಾ?”

“ಅಲ್ಲ, ಬುದ್ಧನಿಗೆ ಊದುಬತ್ತಿ ಹಚ್ಚುವವಳು. ಯಾಕೆ ಹಾಕ್ತೀ ಅಂತ ಕೇಳಿದೆ. ‘ಇದು ಹಾಕದಿದ್ರೆ ಈ ಅಡುಗೆಮನೇಲಿ ಹಿಟ್ಟು ಉಬ್ಬುದಿಲ್ಲ’ ಅಂದ್ಲು.”

ರೈಲು ಬಂತು. ಮ್ಯಾಗ್ಡಲಿನ್ ಎದ್ದಳು.

“ಇನ್ನು ಹೆಸರು ಯಾರಿಗೆ ಬೇಕು ಮಾರಾಯ್ತಿ?”